ಉಗುಳಿದ ದ್ರಾಕ್ಷಿ

ಹಸಿರು ದೀಪ ಹೊತ್ತಿಕೊಂಡಾಗ ಸುಗಲಾಬಾಯಿಗಿಂತ ಮೊದಲು ಉಸಿರು ಬಿಟ್ಟವಳು ಆಶಾ ಕಾರ್ಯಕರ್ತೆ ಮಾಲನಬಿ.

ಹಿರೇಜಾಲಿಯ ಒಣದ್ರಾಕ್ಷಿ ಶೆಡ್ಡಿನ ಬಾಗಿಲಲ್ಲಿ, ಬೋರಲು ಹಾಕಿದ ಪ್ಲಾಸ್ಟಿಕ್ ಪೆಟ್ಟಿಗೆಯ ಮೇಲೆ ಕುಳಿತು ಸುಗಲಾಬಾಯಿ ನಾಲಿಗೆ ಚಾಚಿದ್ದಳು. ನಾಲಿಗೆಯ ಎಡ ಅಂಚಿನಲ್ಲಿ ಒಂದು ಮಣೂಕ, ಅಂದರೆ ಒಣದ್ರಾಕ್ಷಿ, ಕೂರುವಷ್ಟು ಅಗಲದ ಹುಣ್ಣು. ಅದರ ಮೇಲೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಪಟ್ಟಿಯೊಂದು ಅಂಟಿಕೊಂಡಿತ್ತು. ಮಾಲನಬಿಯ ಕೈಯಲ್ಲಿದ್ದ ಯಂತ್ರದ ದೀಪ ಕೆಂಪು ಬಂದರೆ ಕ್ಯಾನ್ಸರ್, ಹಸಿರು ಬಂದರೆ ಶಿಲೀಂಧ್ರದ ಸೋಂಕು ಎಂಬುದು ಈಗ ಊರಿನ ಮಕ್ಕಳಿಗೂ ಗೊತ್ತು.

"ಬೂಷ್ಟು ಅಷ್ಟ ಬೇ! ರೊಟ್ಟಿಗೆ ಹತ್ತೂ ಬೂಷ್ಟು ನಾಲಿಗಿಗೆ ಹತ್ತೇದ. ಗುಳಿಗಿ ನುಂಗಿದ್ರ ಹೋಗ್ತದ," ಎಂದಳು ಮಾಲನಬಿ, ಪಟ್ಟಿಯನ್ನು ಮೆಲ್ಲಗೆ ಎಬ್ಬಿಸುತ್ತ.

"ಅಂದ್ರ ನನ್ನ ನಾಲಿಗಿ ಹಳಸೇದ ಅನ್ನು," ಎಂದಳು ಸುಗಲಾಬಾಯಿ. "ಮಂದಿ ಮೊದ್ಲ ಹೇಳ್ತಿದ್ರು, ನಾ ನಂಬಿರ್ಲಿಲ್ಲ."

ಒಳಗೆ ಕೂತಿದ್ದ ಹೆಂಗಸರೆಲ್ಲ ನಕ್ಕರು. ಮಗಳು ಶಿವಲೀಲಾ ಮಾತ್ರ ಗೋಡೆಗೆ ಮುಖ ಮಾಡಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆ ನಾಲಿಗೆಯ ಮೇಲೆ ಅವರ ಮನೆ ನಿಂತಿತ್ತು.

ದ್ರಾಕ್ಷಿಯ ಬಣ್ಣ, ಗಾತ್ರಗಳನ್ನು ಆರಿಸುವ ಕೆಲಸವನ್ನು ಕ್ಯಾಮೆರಾಗಳು ಯಾವತ್ತೋ ವಹಿಸಿಕೊಂಡಿದ್ದವು. ಆದರೆ ತಣ್ಣನೆಯ ಕೋಣೆಯಲ್ಲಿ ತಿಂಗಳುಗಟ್ಟಲೆ ಇಟ್ಟ ಪೆಟ್ಟಿಗೆಗಳಲ್ಲಿ ಯಾವುದು ಒಳಗೊಳಗೇ ಹುಳಿಯಲು ತೊಡಗಿದೆ ಎಂಬುದು ಕಣ್ಣಿಗೆ ಕಾಣುವಂಥದ್ದಲ್ಲ. ಅದಕ್ಕೆ ಮನುಷ್ಯರ ನಾಲಿಗೆಯೇ ಬೇಕಿತ್ತು. ಪ್ರತಿ ಪೆಟ್ಟಿಗೆಯಿಂದ ಒಂದು ಮಣೂಕ ತೆಗೆದು, ಹಲ್ಲಿನಿಂದ ಸಿಪ್ಪೆ ಸೀಳಿ, ನಾಲಿಗೆಯ ಅಂಚಿಗೆ ಒತ್ತಿ, ಪಕ್ಕದ ಬುಟ್ಟಿಗೆ ಉಗುಳಬೇಕು. ಬಾಯಿಗೆ ಸದಾ ಕೆಲಸವಿರುವುದರಿಂದ ಮಾತೆಲ್ಲ ಬೆರಳಿನಲ್ಲಿ. ಒಂದು ಬೆರಳೆತ್ತಿದರೆ ಮೊದಲ ಸಾಲು, ಪರದೇಶಕ್ಕೆ ಹೋಗುವ ಮಾಲು. ಎರಡಾದರೆ ಬೇಕರಿಗೆ. ಮೂರಾದರೆ ಸ್ಥಳೀಯ ಸಂತೆಗೆ. ಮುಷ್ಟಿ ಕಟ್ಟಿದರೆ ಆ ಪೆಟ್ಟಿಗೆ ತಿಪ್ಪೆಗೆ. ಸುಗಲಾಬಾಯಿ ಮುಷ್ಟಿ ಕಟ್ಟಿದ ಪೆಟ್ಟಿಗೆಯನ್ನು ಮಾಲೀಕ ಕೂಡ ಇನ್ನೊಮ್ಮೆ ಮುಟ್ಟಿ ನೋಡುತ್ತಿರಲಿಲ್ಲ.

ಅಂದು ಕೂಡ ಅವಳು ಕೆಲಸದ ಜಾಗದಿಂದಲೇ ನೇರವಾಗಿ ಎದ್ದು ಬಂದಿದ್ದಳು. ಪಟ್ಟಿ ಅಂಟಿಸುವ ಮೊದಲು ಯಂತ್ರ ಕೇಳುವ ಪ್ರಶ್ನೆಯನ್ನು ಮಾಲನಬಿ ಓದಿದ್ದಳು: "ಒಂದು ತಾಸಿನೊಳಗೆ ಏನಾದರೂ ತಿಂದಿರಾ, ಕುಡಿದಿರಾ?"

"ಇಲ್ಲವಾ," ಎಂದಿದ್ದಳು ಸುಗಲಾಬಾಯಿ.

ಅದು ನಿಜವಾಗಿತ್ತು.

* * *

ಧಾರವಾಡದ ನಿಯಂತ್ರಣ ಕೊಠಡಿಯಲ್ಲಿ ಆ ಹಸಿರು ದೀಪ ಒಂದು ಸಣ್ಣ ಚುಕ್ಕೆಯಾಗಿ ಬಂದು ಕೂತಿತು. ಡಾ. ಮೃಣಾಲಿನಿ ಹೊಳಗುಂದಿ ಆ ಚುಕ್ಕೆಗಳ ನಕ್ಷೆಯನ್ನು ಪ್ರತಿ ದಿನ ಬೆಳಿಗ್ಗೆ ನೋಡುತ್ತಿದ್ದರು. ಪಟ್ಟಿಯನ್ನು ರೂಪಿಸಿದ ತಂಡದ ಮುಖ್ಯಸ್ಥೆ ಅವರು.

ಪಟ್ಟಿಯ ತತ್ವ ಸರಳವಾದದ್ದು. ಪ್ರತಿಯೊಂದು ಜೀವಕೋಶವೂ ತನ್ನದೇ ರೀತಿಯಲ್ಲಿ ಉಸಿರಾಡುತ್ತದೆ. ಹಸಿದವರು ಬಾಚಿಕೊಳ್ಳುವಂತೆ ಸಕ್ಕರೆಯನ್ನು ತಿನ್ನುವ ಕ್ಯಾನ್ಸರ್ ಕೋಶ ಬಿಡುವ ಆವಿಗಳು ಒಂದು ಬಗೆ. ಶಿಲೀಂಧ್ರ ಬಿಡುವ ಆವಿಗಳು ಇನ್ನೊಂದು ಬಗೆ. ಹುಣ್ಣಿನ ಮೇಲೆ ಕೂತ ಪಟ್ಟಿ, ಚಹಾ ಕುದಿಯುವಷ್ಟು ಹೊತ್ತಿನಲ್ಲಿ ಈ ವಾಸನೆಗಳನ್ನು ಹೀರಿ, ಎರಡು ಗೆರೆಗಳನ್ನು ಬರೆಯುತ್ತದೆ. ಕತ್ತರಿ ಬೇಡ, ಸೂಜಿ ಬೇಡ, ಜಿಲ್ಲಾ ಆಸ್ಪತ್ರೆಗೆ ಹೋಗಿ ವರದಿಗಾಗಿ ಕಾಯಬೇಕಿಲ್ಲ. ಪಟ್ಟಿ ಬಂದ ಕೆಲವೇ ವರ್ಷಗಳಲ್ಲಿ ನಾಲಿಗೆಯ ಚೂರನ್ನು ಕತ್ತರಿಸಿ ಪರೀಕ್ಷಿಸುವ ಪದ್ಧತಿ ಬಹುಮಟ್ಟಿಗೆ ನಿಂತುಹೋಯಿತು. ಹೊಸ ವೈದ್ಯರು ಹುಣ್ಣನ್ನು ಬೆರಳಿನಿಂದ ಮುಟ್ಟುವುದನ್ನೂ ಬಿಟ್ಟಿದ್ದರು.

ತೊಡಕು ಒಂದೇ ಇತ್ತು. ಕೆಲವು ಶಿಲೀಂಧ್ರಗಳು ನಾಲಿಗೆಯ ಚರ್ಮವನ್ನು ಕೆಣಕಿ, ಅದು ಅಡ್ಡಾದಿಡ್ಡಿ ಬೆಳೆಯುವಂತೆ ಮಾಡುತ್ತವೆ. ಸೂಕ್ಷ್ಮದರ್ಶಕದಲ್ಲೂ ಅದು ಕ್ಯಾನ್ಸರಿನಂತೆ ಕಂಡು ಅನುಭವಿಗಳನ್ನು ಮೋಸಗೊಳಿಸುತ್ತದೆ. ಅಂಥ ಹುಣ್ಣಿನ ಮೇಲೆ ಪಟ್ಟಿ ಎರಡು ಗೆರೆಗಳನ್ನೂ ಎತ್ತರಕ್ಕೆ ಬರೆಯುತ್ತಿತ್ತು. ಆಗ ಏನು ಮಾಡಬೇಕು? ತಂಡ ಬಹಳ ಚರ್ಚೆ ಮಾಡಿ ಒಂದು ನಿಯಮ ಮಾಡಿತು. ಶಿಲೀಂಧ್ರದ ಗೆರೆ ಸ್ಪಷ್ಟವಾಗಿದ್ದರೆ ಎರಡನೆಯದನ್ನು, ಅಂದರೆ ಕ್ಯಾನ್ಸರಿನ ಗೆರೆಯನ್ನು, ಯಂತ್ರ ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಈ ನಿಯಮಕ್ಕಾಗಿ ಎಲ್ಲರಿಗಿಂತ ಗಟ್ಟಿಯಾಗಿ ವಾದಿಸಿದವರು ಮೃಣಾಲಿನಿ.

ಅದಕ್ಕೆ ಕಾರಣ ಅವರ ಮನೆಯಲ್ಲೇ ಇತ್ತು. ತಂದೆ ವಾದಿರಾಜರಾಯರು ಮೂವತ್ತು ವರ್ಷ ರೈಲು ನಿಲ್ದಾಣಗಳಲ್ಲಿ ಗಾಡಿಗಳು ಬರುವ ಹೋಗುವ ಹೊತ್ತನ್ನು ಕೂಗಿ ಹೇಳಿದವರು. ನಿವೃತ್ತಿಯ ಅಂಚಿನಲ್ಲಿ ನಾಲಿಗೆಗೆ ಹುಣ್ಣಾಯಿತು. ಕ್ಯಾನ್ಸರೆಂದು ಅರ್ಧ ನಾಲಿಗೆ ಕತ್ತರಿಸಿದರು. ಕತ್ತರಿಸಿದ ಭಾಗವನ್ನು ಆಮೇಲೆ ಬೇರೆ ಬಣ್ಣ ಹಾಕಿ ನೋಡಿದಾಗ ಅದರೊಳಗೆ ಇದ್ದದ್ದು ಶಿಲೀಂಧ್ರ ಮಾತ್ರ; ಕೆಲವು ತಿಂಗಳ ಗುಳಿಗೆಯಲ್ಲಿ ಹೋಗಬಹುದಾಗಿದ್ದದ್ದು. ಅಂದಿನಿಂದ ರಾಯರ ಮಾತು ಮಗಳ ಹೊರತು ಬೇರೆ ಯಾರಿಗೂ ಸುಲಭಕ್ಕೆ ತಿಳಿಯುವುದಿಲ್ಲ. ಹಾಲಿನವನು ಏನೂ ಅರ್ಥವಾಗದೆ "ಹೂಂರೀ ಅಜ್ಜಾರ" ಎಂದು ಹೋಗಿಬಿಡುತ್ತಾನೆ.

ಆ ವಾರ ನಕ್ಷೆಯಲ್ಲಿ ಮೃಣಾಲಿನಿ ಒಂದು ವಿಚಿತ್ರ ಕಂಡರು. ಹಿರೇಜಾಲಿಯ ಒಂದೇ ಶೆಡ್ಡಿನಿಂದ ಹಸಿರು ಚುಕ್ಕೆಗಳು ಗುಂಪು ಗುಂಪಾಗಿ ಬರುತ್ತಿದ್ದವು. ಎಲ್ಲರೂ ಹೆಂಗಸರು, ಎಲ್ಲರೂ ಒಣದ್ರಾಕ್ಷಿಯ ರುಚಿ ನೋಡುವವರು.

"ಅಪ್ಪಾ, ಹೊಸಾ ರೋಗ ಸಿಕ್ಕದ ಅನಸ್ತದ," ಎಂದರು ಊಟದ ಹೊತ್ತಿಗೆ. ಧ್ವನಿಯಲ್ಲಿ ಸಂಭ್ರಮವಿತ್ತು. "ಕಸುಬಿನಿಂದ ಬರೋ ಶಿಲೀಂಧ್ರ. ಯಾರೂ ಇನ್ನೂ ಇದರ ಬಗ್ಗೆ ಬರದಿಲ್ಲ."

ರಾಯರು ಅನ್ನದ ಗಂಜಿಯನ್ನು ಗದ್ದ ಎದೆಗೊತ್ತಿ ನಿಧಾನಕ್ಕೆ ನುಂಗಿದರು. "ಅವರ ನಾಲಿಗಿ ಉಳದಾವಲ್ಲ?" ಎಂದರು.

"ಉಳದಾವು ಅಪ್ಪಾ. ಎಲ್ಲಾರವೂ ಹಸಿರು."

ರಾಯರು ತಲೆಯಾಡಿಸಿ, ಮಗಳ ತಟ್ಟೆಗೆ ತಾವೇ ಇನ್ನಷ್ಟು ಸಾರು ಬಡಿಸಿದರು.

* * *

ಗುಳಿಗೆಯಿಂದ ಮೊದಲಿಗೆ ಆರಾಮೆನಿಸಿತು. ಉರಿ ಕಡಿಮೆಯಾಯಿತು. ಸುಗಲಾಬಾಯಿ ಮತ್ತೆ ಖಾರದ ಚಟ್ನಿ ಕೇಳಿದಳು. ಆಮೇಲೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಸತೊಡಗಿದಳು. ಆಮೇಲೆ ಎಡಗಿವಿಯೊಳಗೆ ಯಾರೋ ಸೂಜಿ ಆಡಿಸಿದಂತಾಗುತ್ತದೆ ಎಂದಳು.

"ಇನ್ನೊಮ್ಮೆ ಪಟ್ಟಿ ಹಚ್ಚಿಸೂಣು," ಎಂದಳು ಶಿವಲೀಲಾ.

ಹಚ್ಚಿಸಿದರು. ಹಸಿರು. ಗುಳಿಗೆ ಹೆಚ್ಚಾಯಿತು. ಮತ್ತೆ ಕೆಲವು ವಾರಗಳ ನಂತರ ಹಚ್ಚಿಸಿದರು. ಹಸಿರು.

"ಮಿಷನ್ ಸುಳ್ಳು ಹೇಳ್ತದೇನು? ನೀನ ಅಂಜುಬುರುಕಿ ಆಗೀದಿ," ಎಂದು ಸುಗಲಾಬಾಯಿ ಮಗಳನ್ನೇ ಗದರಿದಳು. "ಬೂಷ್ಟು ಅಂದ್ರ ಬೂಷ್ಟು. ಮೂರು ಸಲ ಹೇಳೇದ. ನಿಮ್ಮಪ್ಪ ಒಂದು ಮಾತು ಮೂರು ಸಲ ಯಾವತ್ತೂ ಒಂದ ನಮೂನಿ ಹೇಳ್ಲಿಲ್ಲ."

ಶಿವಲೀಲಾ ನಗಲಿಲ್ಲ. ಅವ್ವ ಜಿಲ್ಲಾ ಆಸ್ಪತ್ರೆಗೆ ಹೋಗಲಿ ಎಂದು ಅವಳ ಆಸೆ. ಆದರೆ ಕೆಂಪು ದೀಪ ಬಾರದೆ ಅಲ್ಲಿ ಒಳಗೆ ಬಿಡುವುದಿಲ್ಲ. ಹಸಿರಿನವರನ್ನು ಊರಿನ ಗುಳಿಗೆಗೇ ವಾಪಸು ಕಳಿಸುತ್ತಾರೆ. ಒಮ್ಮೆ ಹೋಗಿ ಬಾಗಿಲಿನಿಂದಲೇ ಹಿಂದಿರುಗಿ ಬಂದಿದ್ದೂ ಆಗಿತ್ತು. ಅವ್ವ ಆ ದಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಲಗಡೆಯಷ್ಟೇ ಜಗಿಯುತ್ತ, ಕಡಲೆ ತಿಂದು ಮುಗಿಸಿದ್ದಳು. ಮಗಳಿಗೆ ತೋರಿಸಬೇಕೆಂದೇ ತಿಂದಂತಿತ್ತು.

* * *

ಮೃಣಾಲಿನಿ ಮಾದರಿ ಸಂಗ್ರಹಿಸಲು ಹಿರೇಜಾಲಿಗೆ ಬಂದಾಗ ದ್ರಾಕ್ಷಿಯ ಹಂಗಾಮು ಮುಗಿಯುವುದರಲ್ಲಿತ್ತು. ಶೆಡ್ಡಿನಲ್ಲಿ ದ್ರಾಕ್ಷಿ ಒಣಗಿಸುವ ಬಲೆಗಳು ಖಾಲಿಯಾಗಿ ಗಾಳಿಗೆ ತೂಗುತ್ತಿದ್ದವು. ತಣ್ಣನೆಯ ಕೋಣೆಯಲ್ಲಿ ಹೆಂಗಸರು ಕಂಬಳಿ ಹೊದ್ದು ಸಾಲಾಗಿ ಕೂತಿದ್ದರು. ಶಿವಲೀಲಾ ಪೆಟ್ಟಿಗೆ ತಳ್ಳುತ್ತಿದ್ದಳು. ಯಾರೂ ಮಾತಾಡುತ್ತಿರಲಿಲ್ಲ, ಬೆರಳುಗಳಷ್ಟೇ ಏಳುತ್ತ ಮಡಚುತ್ತ ಇದ್ದವು.

ಮೃಣಾಲಿನಿ ಬೆರಗಿನಿಂದ ನೋಡಿದರು. ಸುಗಲಾಬಾಯಿ ಒಂದು ಮಣೂಕವನ್ನು ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ಉಗುಳಿ, ಎರಡು ಬೆರಳೆತ್ತಿದಳು. ಆಮೇಲೆ ಕಂಬಳಿ ಸರಿಸಿ ಎದ್ದು ಬಂದು ಪೆಟ್ಟಿಗೆಯ ಮೇಲೆ ಕುಳಿತಳು. ಮಾಲನಬಿ ಪಟ್ಟಿ ಬಿಚ್ಚಿದಳು.

"ಒಂದು ತಾಸಿನೊಳಗ ಏನರ ತಿಂದೀಯೇನ ಬೇ? ಕುಡದೀಯೇನು?"

"ಇಲ್ಲವಾ."

ಮೃಣಾಲಿನಿ ನಕ್ಕರು. "ಈಗರೇ ದ್ರಾಕ್ಷಿ ಬಾಯಾಗ ಹಾಕ್ಕೊಂಡ್ರಲ್ಲರಿ ಅಮ್ಮಾ."

"ಅದು ತಿನ್ನೂದೇನ್ರಿ?" ಸುಗಲಾಬಾಯಿಗೆ ಆಶ್ಚರ್ಯವಾಯಿತು. "ಉಗುಳಿದೆನಲ್ಲರಿ. ಶಿವರಾತ್ರಿ ಉಪಾಸದಾಗೂ ಇದ ಕೆಲಸ ಮಾಡ್ತೀವಿ. ಒಂದು ಹನಿ ಗಂಟಲದಾಗ ಇಳಿಯಂಗಿಲ್ಲ."

"ಹೌದ್ರಿ ಮೇಡಂ," ಎಂದು ಮಾಲನಬಿಯೂ ದನಿಗೂಡಿಸಿದಳು. "ರೋಜಾ ಹಿಡದಾಗೂ ನಮ್ಮವರು ರುಚಿ ನೋಡಿ ಉಗುಳ್ತಾರ. ಕಸುಬಿಗೆ ನಡೀತದ, ರೋಜಾ ಮುರಿಯಂಗಿಲ್ಲ ಅಂತ ದೊಡ್ಡವರ ಹೇಳ್ಯಾರ."

ಮೃಣಾಲಿನಿಯ ನಗು ಮುಖದ ಮೇಲೆ ಹಾಗೆಯೇ ನಿಂತಿತು, ತೆಗೆಯಲು ಮರೆತಂತೆ.

ಮಣೂಕದ ಸಿಪ್ಪೆಯ ಮೇಲೆ ಕಾಡು ಯೀಸ್ಟ್ ಇರುತ್ತದೆ. ಹುಳಿಯುವ ಪೆಟ್ಟಿಗೆಯಲ್ಲಂತೂ ಅದರದೇ ರಾಜ್ಯ. ಯೀಸ್ಟ್ ಕೂಡ ಶಿಲೀಂಧ್ರವೇ. ಇಡೀ ದಿನ ನಾಲಿಗೆಗೆ ಒತ್ತಿಕೊಂಡ ನೂರಾರು ಹಣ್ಣುಗಳ ಯೀಸ್ಟ್, ಹುಣ್ಣಿನ ಕುಳಿಯಲ್ಲಿ ಸಕ್ಕರೆಯ ಜೊತೆಗೆ ಕೂತು, ಜೋರಾಗಿ ಉಸಿರಾಡುತ್ತಿತ್ತು. ಪಟ್ಟಿ ಅದನ್ನು ಕೇಳಿಸಿಕೊಂಡಿತ್ತು. ಪಟ್ಟಿಯ ತಪ್ಪೇನೂ ಇರಲಿಲ್ಲ. ಶಿಲೀಂಧ್ರ ಇತ್ತು, ಇದೆ ಎಂದು ಹೇಳಿತ್ತು. ಅದು ಕಾಯಿಲೆಯಲ್ಲ, ಹಣ್ಣಿನ ಧೂಳು ಎಂದು ಹೇಳಬಲ್ಲವರೇ ಇಲ್ಲಿದ್ದವರೆಲ್ಲ. ಅವರನ್ನು ಯಾರೂ ಹಾಗೆ ಕೇಳಿರಲಿಲ್ಲ.

"ಪಟ್ಟಿ ಬ್ಯಾಡ," ಎಂದರು ಮೃಣಾಲಿನಿ. ಕೈಗವಸು ತೊಟ್ಟು, "ಸ್ವಲ್ಪ ಮುಟ್ಟಿ ನೋಡ್ತೀನ್ರಿ," ಎಂದರು.

ಬೆರಳ ತುದಿಯಿಂದ ಹುಣ್ಣಿನ ಅಂಚನ್ನು ಒತ್ತಿದರು. ಓದುವಾಗ ಹಳೆಯ ಪ್ರಾಧ್ಯಾಪಕರೊಬ್ಬರು ಒತ್ತಾಯ ಮಾಡಿ ಕಲಿಸಿದ್ದು. ಮೆತ್ತನೆಯ ನಾಲಿಗೆಯೊಳಗೆ, ಹುಣ್ಣಿನ ಸುತ್ತ, ಕಲ್ಲಿನಂತೆ ಗಟ್ಟಿಯಾದದ್ದು ಬೆರಳಿಗೆ ತಾಗಿತು. ಅದು ಹುಣ್ಣಿನಷ್ಟಕ್ಕೇ ನಿಂತಿರಲಿಲ್ಲ. ನಾಲಿಗೆಯ ಬುಡದವರೆಗೂ ಹೋಗಿತ್ತು. ಕೈ ಹೊರಗೆ ತೆಗೆದು ಕತ್ತನ್ನು ಮುಟ್ಟಿದರು. ದವಡೆಯ ಕೆಳಗೆ ಗಟ್ಟಿ ಗಂಟು. ಅದರ ಕೆಳಗೆ ಇನ್ನೊಂದು.

ಸುಗಲಾಬಾಯಿ ಅವರ ಕಣ್ಣನ್ನೇ ನೋಡುತ್ತಿದ್ದಳು. ಮಾತು ಬೇಡವಾದ ಕೆಲಸದಲ್ಲಿ ಆಯುಷ್ಯ ಕಳೆದವಳಿಗೆ ಎದುರಿನವರ ಮುಖ ಓದುವುದು ಕಷ್ಟವಿರಲಿಲ್ಲ. ಅವಳು ಬಲಗೈಯನ್ನು ತೊಡೆಯ ಮೇಲಿಂದ ಎತ್ತಿ, ಬೆರಳುಗಳನ್ನು ಒಂದೊಂದಾಗಿ ಮಡಚಿ, ಮುಷ್ಟಿ ಕಟ್ಟಿ, ಪ್ರಶ್ನೆ ಕೇಳುವಂತೆ ಹುಬ್ಬೇರಿಸಿದಳು.

ಮೃಣಾಲಿನಿಗೆ ಆ ಸನ್ನೆ ಗೊತ್ತಿರಲಿಲ್ಲ. ಆದರೆ ಹಿಂದೆ ನಿಂತಿದ್ದ ಶಿವಲೀಲಾಳ ಕೈಯಿಂದ ಪೆಟ್ಟಿಗೆ ಜಾರಿ, ಮಣೂಕಗಳು ನೆಲದ ತುಂಬ ಚೆಲ್ಲಿದವು.

* * *

ಧಾರವಾಡಕ್ಕೆ ಮರಳಿ ಮೃಣಾಲಿನಿ ಸುಗಲಾಬಾಯಿಯ ಮೊದಲ ಪರೀಕ್ಷೆಯ ದಾಖಲೆಯನ್ನು ತೆರೆದರು. ಯಂತ್ರ ಲೆಕ್ಕಕ್ಕೆ ತೆಗೆದುಕೊಳ್ಳದ ಗೆರೆಯನ್ನೂ ಅಳಿಸುವುದಿಲ್ಲ. ಕೆಳಗಿನ ಪದರದಲ್ಲಿ ಇಟ್ಟಿರುತ್ತದೆ. ಅದನ್ನು ಪರದೆಯ ಮೇಲೆ ತಂದರು.

ಕ್ಯಾನ್ಸರಿನ ಆ ಎರಡನೆಯ ಗೆರೆ ಮೊದಲ ದಿನವೇ ಎತ್ತರದಲ್ಲಿತ್ತು. ಎರಡನೆಯ ಸಲ ಇನ್ನೂ ಎತ್ತರ. ಮೂರನೆಯ ಸಲ ಪರದೆಯ ಅಂಚನ್ನು ಮುಟ್ಟುತ್ತಿತ್ತು. ಮೂರು ಸಲವೂ ಯಂತ್ರ ಅದನ್ನು ಕಂಡಿತ್ತು, ಮೂರು ಸಲವೂ ಕಲಿಸಿದ ನಿಯಮವನ್ನು ಪಾಲಿಸಿ ಸುಮ್ಮನಾಗಿತ್ತು.

ಆ ಶೆಡ್ಡಿನ ಉಳಿದ ಹೆಂಗಸರ ಎರಡನೆಯ ಗೆರೆಗಳನ್ನೂ ಒಂದೊಂದಾಗಿ ನೋಡಿದರು. ಅವು ತಗ್ಗಿನಲ್ಲಿದ್ದವು. ಅವರವು ದ್ರಾಕ್ಷಿಗೆ ಹಾಕುವ ಗಂಧಕದ ಹೊಗೆಗೂ ಹುಳಿಗೂ ಆದ ಸಣ್ಣ ಹುಣ್ಣುಗಳು, ತಾವಾಗಿ ಮಾಯುವಂಥವು. ಹೊಸ ರೋಗ ಇರಲೇ ಇಲ್ಲ. ಇದ್ದದ್ದು ಬಹಳ ಹಳೆಯ ರೋಗ, ಒಬ್ಬಳಿಗೆ.

ಮನೆಯಲ್ಲಿ ತಂದೆಗೆ ಎಲ್ಲವನ್ನೂ ಹೇಳಿದರು. ನಿಯಮದ ಮಾತು ಬಂದಾಗ ನಿಲ್ಲಿಸಿದರು.

"ಅದನ್ನ ನೀ ನನ್ನ ಸಲವಾಗಿ ಬರದಿದ್ದಿ," ಎಂದರು ರಾಯರು, ಒಡೆದ ಉಚ್ಚಾರಣೆಯಲ್ಲಿ. ಮಗಳು ಹೌದೆಂದರು. ರಾಯರು ಮುಂದುವರಿಸಿ ಕೇಳಿದರು: "ಆಕಿಗೆ ಆಪರೇಶನ್ ಯಾವಾಗ? ನನ್ನ ಕರಕೊಂಡು ಹೋಗು."

"ನೀವು ಅಲ್ಲಿ ಏನು ಮಾಡ್ತೀರಿ ಅಪ್ಪಾ?"

"ನುಂಗೂದು ಹ್ಯಾಂಗ ಅಂತ ಡಾಕ್ಟರ್‌ಗೋಳಿಗೆ ಏನ ಗೊತ್ತು?"

* * *

ಶಸ್ತ್ರಕ್ರಿಯೆಯಲ್ಲಿ ನಾಲಿಗೆಯ ಬಹುಭಾಗ ಹೋಯಿತು. ಕತ್ತಿನ ಗಂಟುಗಳಲ್ಲಿ ಕೈಗೆ ಸಿಕ್ಕವನ್ನು ತೆಗೆದರು. ಸಿಗದವಕ್ಕೆ ಕಿರಣ ಕೊಟ್ಟರು. ಎದೆಯ ಚಿತ್ರ ನೋಡಿದ ವೈದ್ಯರು ಶಿವಲೀಲಾಳನ್ನು ಹೊರಗೆ ಕರೆದು ಮೆಲ್ಲಗೆ ಮಾತಾಡಿದರು. ಮೃಣಾಲಿನಿ ಅಲ್ಲಿಯೇ ನಿಂತಿದ್ದರು.

ವೈದ್ಯರು ಹೋದ ಮೇಲೆ ಶಿವಲೀಲಾ ಕೇಳಿದಳು: "ಮೊದಲ್ನೇ ಸಲಾನ ಕೆಂಪು ಬಂದಿದ್ರ?"

ಮೃಣಾಲಿನಿ ಸುತ್ತಿ ಬಳಸಿ ಹೇಳಬಹುದಿತ್ತು. "ಒಂದು ಅಂಚಷ್ಟ ತಗೀತಿದ್ರು," ಎಂದರು. "ಮಾತೂ ಉಳೀತಿತ್ತು. ಬಹುಶಃ ಅವರೂ."

ಶಿವಲೀಲಾ ಅಳಲಿಲ್ಲ, ಬೈಯಲೂ ಇಲ್ಲ. "ನಾವೂ ಹೇಳ್ಲಿಲ್ಲಲ್ರಿ," ಎಂದಳು. "ಹೇಳೂ ಮಾತದು ಅಂತ ಅನಸಲಿಲ್ಲ." ಅದನ್ನು ಕೇಳುವುದು ಬೈಗುಳಕ್ಕಿಂತ ಕಷ್ಟವಾಯಿತು.

ರಾಯರು ದಿನಾಲೂ ಸುಗಲಾಬಾಯಿಯ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಗದ್ದವನ್ನು ಎದೆಗೆ ಒತ್ತಬೇಕು, ಉಸಿರು ಹಿಡಿಯಬೇಕು, ಆಮೇಲೆ ನುಂಗಬೇಕು. ತಾವು ಮಾಡಿ ತೋರಿಸಿ ಅವಳಿಂದ ಮಾಡಿಸುತ್ತಿದ್ದರು. ಅವರ ಮಾತು ನರ್ಸುಗಳಿಗೆ ತಿಳಿಯುತ್ತಿರಲಿಲ್ಲ, ಅವಳಿಗೆ ಹೇಗೋ ತಿಳಿಯುತ್ತಿತ್ತು. ಆಸ್ಪತ್ರೆಯ ಗಂಜಿಯ ಮೊದಲ ಚಮಚ ಗಂಟಲಿಗಿಳಿದಾಗ ಅವಳು ರಾಯರನ್ನು ನೋಡಿ ಮುಷ್ಟಿ ಕಟ್ಟಿ ತೋರಿಸಿದಳು.

"ಹಂಗಂದ್ರ?" ಎಂದರು ರಾಯರು.

"ತಿಪ್ಪಿಗೆ ಒಗೀರಿ ಅನ್ನಾಕತ್ತಾಳ್ರಿ," ಎಂದಳು ಶಿವಲೀಲಾ. ರಾಯರು ಕೆಮ್ಮು ಬರುವಷ್ಟು ನಕ್ಕರು. ಸುಗಲಾಬಾಯಿಯ ಭುಜಗಳೂ ಸದ್ದಿಲ್ಲದೆ ಕುಣಿದವು. ಬಾಗಿಲ ಬಳಿ ನಿಂತಿದ್ದ ಮೃಣಾಲಿನಿ ಒಳಗೆ ಬಾರದೆ ಹಾಗೆಯೇ ಹಿಂದಕ್ಕೆ ಹೋದರು.

ಆ ತಿಂಗಳೇ ಅವರು ನಿಯಮವನ್ನು ತೆಗೆಸಿದರು. ಎರಡೂ ಗೆರೆ ಎತ್ತರ ಇದ್ದರೆ ಈಗ ಹಸಿರೂ ಇಲ್ಲ, ಕೆಂಪೂ ಇಲ್ಲ, ಹಳದಿ ಹತ್ತುತ್ತದೆ. ಹಳದಿ ಎಂದರೆ ಬೆರಳಿನಿಂದ ಮುಟ್ಟಿ ನೋಡಬೇಕು, ಚೂರು ಕತ್ತರಿಸಿ ಪರೀಕ್ಷಿಸಬೇಕು, ಕಾಯಬೇಕು. ಜನಕ್ಕೆ ಹಳದಿ ಇಷ್ಟವಿಲ್ಲ. ಇಷ್ಟು ದೊಡ್ಡ ಯಂತ್ರಕ್ಕೆ ಇಷ್ಟೂ ತಿಳಿಯುವುದಿಲ್ಲವೇ ಎಂದು ಸಿಡುಕುತ್ತಾರೆ. ಪಟ್ಟಿ ಅಂಟಿಸುವ ಮುನ್ನ ಕೇಳುವ ಮಾತಿಗೆ ಇನ್ನೊಂದು ಸೇರಿತು: "ಏನನ್ನಾದರೂ ಬಾಯಿಗೆ ಹಾಕಿಕೊಂಡು ಉಗುಳಿದಿರಾ?" ಬೀದರಿನಲ್ಲೂ ಕಾರವಾರದಲ್ಲೂ ಇದನ್ನು ಕೇಳುತ್ತಾರೆ. ಇದೆಂಥ ಪ್ರಶ್ನೆ ಎಂದು ಜನ ನಗುತ್ತಾರೆ. ಹಿರೇಜಾಲಿಯಲ್ಲಿ ಯಾರೂ ನಗುವುದಿಲ್ಲ.

* * *

ಮುಂದಿನ ಹಂಗಾಮಿನಲ್ಲಿ ಅವ್ವನ ಕಂಬಳಿ ಹೊದ್ದು ಶಿವಲೀಲಾ ಆ ಸಾಲಿನಲ್ಲಿ ಕುಳಿತಳು. ಅವಳ ನಾಲಿಗೆ ಇನ್ನೂ ಹೊಸತು. ಒಂದು-ಎರಡರ ನಡುವೆ ತಡವರಿಸುತ್ತಿತ್ತು. ಆದರೆ ಆ ದಿನ ಮಧ್ಯಾಹ್ನ ಮನೆಗೆ ಹೊತ್ತು ತಂದ ಪೆಟ್ಟಿಗೆಯ ಬಗ್ಗೆ ಅವಳಿಗೆ ಯಾವ ಅನುಮಾನವೂ ಇರಲಿಲ್ಲ. ಹುಳಿ ಹಿಡಿದಿತ್ತು. ಕೂಸಿಗೆ ಕೊಟ್ಟರೂ ಮುಖ ಕಿವುಚುವಷ್ಟು ಹುಳಿ. ಮಾಲೀಕನನ್ನು ಕೇಳಿಯೇ ತಂದಿದ್ದಳು.

ಸುಗಲಾಬಾಯಿ ಪಡಸಾಲೆಯಲ್ಲಿ ದಿಂಬಿಗೊರಗಿ ಕೂತಿದ್ದಳು. ಈಗ ಅವಳು ಬಹಳ ತೆಳ್ಳಗಾಗಿದ್ದಳು. ಕತ್ತಿನ ಬಲಗಡೆ ಹೊಸ ಗಂಟೊಂದು ಸೆರಗಿನಡಿಯಲ್ಲೂ ಕಾಣುತ್ತಿತ್ತು.

"ಯವ್ವಾ, ಇದೊಂದು ತಿಳೀವಲ್ದು. ನೋಡಿ ಹೇಳು," ಎಂದಳು ಶಿವಲೀಲಾ.

ಮಣೂಕವೊಂದನ್ನು ಎರಡಾಗಿ ಸೀಳಿ, ಒಂದು ಹೋಳನ್ನು ಅವ್ವನ ತುಟಿಗಳ ನಡುವೆ ಇಟ್ಟಳು. ಸುಗಲಾಬಾಯಿ ಕಣ್ಣು ಮುಚ್ಚಿದಳು. ಹಳೆಯ ರೂಢಿಯಂತೆ ಮುಖ ತುಸು ಎಡಕ್ಕೆ ವಾಲಿತು. ಬಾಯೊಳಗೆ ಇಲ್ಲದ ಅಂಚಿಗೆ ಅವಳು ಅದನ್ನು ಒತ್ತುತ್ತಿರುವಂತೆ ದವಡೆ ಮೆಲ್ಲಗೆ ಅಲುಗಿತು. ಹೊರಗೆ ಟ್ರ್ಯಾಕ್ಟರೊಂದು ಹೋಗಿ ಸದ್ದು ಅಡಗುವವರೆಗೂ ಹಾಗೆಯೇ ಇದ್ದಳು. ಆಮೇಲೆ ಅಂಗೈಗೆ ಹೋಳನ್ನು ಉಗುಳಿ, ಕಣ್ಣು ತೆರೆದು, ಮಗಳನ್ನು ನೋಡಿ ಒಂದು ಬೆರಳೆತ್ತಿದಳು: ಪರದೇಶದ ಮಾಲು.

ಶಿವಲೀಲಾ ಕೈಯಲ್ಲಿ ಉಳಿದಿದ್ದ ಇನ್ನೊಂದು ಹೋಳನ್ನು ಬಾಯಿಗೆ ಹಾಕಿಕೊಂಡಳು. ಹುಳಿ ಕಿವಿಯವರೆಗೂ ಏರಿತು. ಮುಖ ಕಿವುಚದಂತೆ ತಡೆದುಕೊಂಡಳು. ಮೊದಲ ಸಲ ಉಗುಳದೆ, ನುಂಗಿದಳು.

"ನನಗೂ ಹಂಗ ಅನಿಸಿತ್ತು ನೋಡು," ಎಂದು ತಾನೂ ಒಂದು ಬೆರಳೆತ್ತಿದಳು.